ಅಮೆರಿಕದ ಖಾಸಗಿ ವಿಶ್ವವಿದ್ಯಾಲಯ: ಊಟದ ಮೇಜಿನಲ್ಲಿ ಯಾರ ಪಕ್ಕ ಯಾರು?

ಅಮೆರಿಕದ ಯಾವ ಖಾಸಗಿ ವಿಶ್ವವಿದ್ಯಾಲಯದ ಬ್ರೋಷರ್ ತೆರೆದರೂ ಒಂದು ಫೋಟೊ ಇದ್ದೇ ಇರುತ್ತದೆ: ಹುಲ್ಲುಹಾಸಿನ ಮೇಲೆ ಬೇರೆ ಬೇರೆ ಬಣ್ಣದ ನಾಲ್ವರು ನಗುತ್ತಾ ಕೂತಿರುತ್ತಾರೆ. ಅವರು ನಿಜಕ್ಕೂ ಗೆಳೆಯರೋ, ಫೋಟೊಗ್ರಾಫರ್ ಕರೆತಂದು ಕೂರಿಸಿದವರೋ ಎಂಬುದು ಬ್ರೋಷರ್‌ನಿಂದ ತಿಳಿಯುವುದಿಲ್ಲ. ತಿಳಿಯಲು ಬೇಕಾದ ದಾಖಲೆಗಳು ಸಾರ್ವಜನಿಕವಾಗಿಯೇ ಸಿಗುತ್ತವೆ. ಓದುವವರು ಕಡಿಮೆ, ಅಷ್ಟೆ.

ಮೊದಲು ಹುಡುಕಬೇಕಾದ್ದು ಕಾಮನ್ ಡೇಟಾ ಸೆಟ್, ಅಂದರೆ ವಿಶ್ವವಿದ್ಯಾಲಯಗಳು ತಮ್ಮ ಅಂಕಿಗಳನ್ನು ಒಂದೇ ನಮೂನೆಯಲ್ಲಿ ತುಂಬಿ ಹಾಕುವ ದಾಖಲೆ. ವಿಶ್ವವಿದ್ಯಾಲಯದ ಹೆಸರಿನ ಜತೆ ಈ ಮೂರು ಪದ ಸೇರಿಸಿ ಹುಡುಕಿದರೆ ಪಿಡಿಎಫ್ ಅಥವಾ ಎಕ್ಸೆಲ್ ಫೈಲ್ ಸಿಗುತ್ತದೆ. ಎ ಇಂದ ಜೆ ವರೆಗೆ 10 ವಿಭಾಗ, ಎಲ್ಲರಿಗೂ ಅದೇ ಪ್ರಶ್ನೆಗಳು. ಹಾಗಾಗಿ ಎರಡು ಕಡೆಯ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. ಇದನ್ನು ಪ್ರಕಟಿಸಲೇಬೇಕೆಂಬ ಕಾನೂನಿಲ್ಲ, ಪ್ರಕಟಿಸದವರೂ ಇದ್ದಾರೆ. ಆಗ ಅಮೆರಿಕ ಸರ್ಕಾರದ ಕಾಲೇಜ್ ನ್ಯಾವಿಗೇಟರ್ ಜಾಲತಾಣಕ್ಕೆ ಹೋಗಬೇಕು. ಅಲ್ಲಿ ಮಾಹಿತಿ ಸ್ವಲ್ಪ ಒಣ, ಆದರೆ ನಂಬಿಕೆಗೆ ಅರ್ಹ.

ವೈವಿಧ್ಯದ ಲೆಕ್ಕ ಬಿ2 ಪಟ್ಟಿಯಲ್ಲಿದೆ. ಒಂಬತ್ತು ಸಾಲು. ಮೊದಲನೆಯದು ‘ನಾನ್‌ರೆಸಿಡೆಂಟ್ಸ್’, ಅಂದರೆ ವೀಸಾದ ಮೇಲೆ ಬಂದವರು. ಎಲ್ಲರೂ ಎಡವುವುದು ಇಲ್ಲೇ. ಭಾರತದಿಂದ ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿ ಹೋದ ಹುಡುಗಿ ‘ಏಷ್ಯನ್’ ಸಾಲಿನಲ್ಲಿ ಇರುವುದಿಲ್ಲ, ನೈಜೀರಿಯಾದ ಹುಡುಗ ‘ಬ್ಲ್ಯಾಕ್’ ಸಾಲಿನಲ್ಲಿ ಇರುವುದಿಲ್ಲ. ಇಬ್ಬರೂ ಜರ್ಮನಿ, ಬ್ರೆಜಿಲ್‌ನವರ ಜತೆ ಈ ಮೊದಲ ಸಾಲಿನಲ್ಲೇ ಸಿಗುತ್ತಾರೆ. ‘ಏಷ್ಯನ್ ಶೇ 25’ ಎಂದಿದ್ದರೆ ಅವರೆಲ್ಲ ಅಲ್ಲಿನ ಪ್ರಜೆಗಳು ಅಥವಾ ಗ್ರೀನ್ ಕಾರ್ಡ್ ಇದ್ದವರು. ಆ ಒಂದು ಸಾಲಿನಲ್ಲಿ ಕ್ಯಾಲಿಫೋರ್ನಿಯಾದ ಗುಜರಾತಿ ಡಾಕ್ಟರ್ ಮಗಳೂ ಆಗ್ನೇಯ ಏಷ್ಯಾದಿಂದ ಮಿನೆಸೋಟಕ್ಕೆ ಬಂದ ಹ್ಮಾಂಗ್ ನಿರಾಶ್ರಿತರ ಮೊಮ್ಮಗನೂ ಒಟ್ಟಿಗೇ ಇರುತ್ತಾರೆ. ಹಿಸ್ಪಾನಿಕ್ (ಮುಖ್ಯವಾಗಿ ಲ್ಯಾಟಿನ್ ಅಮೆರಿಕ ಮೂಲದವರು) ಎಂದು ಗುರುತು ಹಾಕಿದವರು ಬೇರೆ ಏನೇ ಬರೆದರೂ ಹಿಸ್ಪಾನಿಕ್ ಸಾಲಿಗೇ ಸೇರುತ್ತಾರೆ. ಲೆಬನಾನ್, ಇರಾನ್ ಮೂಲದ ಅಮೆರಿಕನ್ನರನ್ನು ಸರ್ಕಾರಿ ಲೆಕ್ಕ ಬಿಳಿಯರೆಂದೇ ಎಣಿಸುತ್ತಾ ಬಂದಿದೆ. ಮಧ್ಯಪ್ರಾಚ್ಯ ಮತ್ತು ಉತ್ತರ ಆಫ್ರಿಕಾ ಮೂಲದವರಿಗೆ ಪ್ರತ್ಯೇಕ ವರ್ಗ ಮಾಡಲು 2024ರ ಮಾರ್ಚ್‌ನಲ್ಲಷ್ಟೇ ತೀರ್ಮಾನವಾಯಿತು.

ಸಾಲುಗಳಷ್ಟೇ ಮುಖ್ಯ ಕಾಲಂಗಳು. ಒಂದು ಕಾಲಂ ಮೊದಲ ವರ್ಷದವರದ್ದು, ಇನ್ನೊಂದು ಪದವಿಯ ಎಲ್ಲ ವರ್ಷದವರದ್ದು. ಜಾಲತಾಣಗಳು ತೋರಿಸುವುದು ಎರಡನೆಯದನ್ನು. ಈಗಿನ ಕಾಲಕ್ಕೆ ಅದು ದಾರಿ ತಪ್ಪಿಸುತ್ತದೆ. 2023ರ ಜೂನ್ 29ರಂದು ಅಲ್ಲಿನ ಸುಪ್ರೀಂ ಕೋರ್ಟ್, ಹಾರ್ವರ್ಡ್ ಮತ್ತು ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಗಳ ಪ್ರಕರಣದಲ್ಲಿ, ಪ್ರವೇಶಕ್ಕೆ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ರದ್ದು ಮಾಡಿತು. ಮುಂದಿನ ವರ್ಷ ಎಂಐಟಿಗೆ ಸೇರಿದ ಮೊದಲ ವರ್ಷದವರಲ್ಲಿ ಕಪ್ಪುವರ್ಣೀಯರ ಪಾಲು ಹಿಂದಿನ ವರ್ಷಗಳ ಸರಾಸರಿ ಶೇ 13ರಿಂದ ಶೇ 5ಕ್ಕೆ ಇಳಿಯಿತು. ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಶೇ 11ರಿಂದ ಶೇ 3ಕ್ಕೆ. ಯೇಲ್, ಪ್ರಿನ್ಸ್‌ಟನ್‌ಗಳಲ್ಲಿ ಅಂಥ ಕುಸಿತ ಕಾಣಲಿಲ್ಲ. ಆ ವರ್ಷದ ಒಟ್ಟು ಕಾಲಂನಲ್ಲಿ ನಾಲ್ಕು ಬ್ಯಾಚ್‌ಗಳಲ್ಲಿ ಮೂರು ಹಳೆಯ ನಿಯಮದಲ್ಲಿ ಬಂದವು, ಹಾಗಾಗಿ ಕುಸಿತ ಅಲ್ಲಿ ಅರ್ಧಂಬರ್ಧ ಮಾತ್ರ ಕಾಣುತ್ತದೆ. ಮೊದಲ ವರ್ಷದ ಕಾಲಂ ಅನ್ನು ಮೂರು ನಾಲ್ಕು ವರ್ಷಗಳ ಫೈಲ್‌ಗಳಿಂದ ತೆಗೆದು ಒಂದರ ಕೆಳಗೆ ಒಂದು ಬರೆದುಕೊಂಡರೆ ನಿಜವಾದ ಚಿತ್ರ ಸಿಗುತ್ತದೆ. ‘ಜನಾಂಗ ತಿಳಿದಿಲ್ಲ’ ಎಂಬ ಸಾಲನ್ನೂ ಬಿಡಬಾರದು. ತೀರ್ಪಿನ ನಂತರ ಹಲವು ಕಡೆ ಅದು ಉಬ್ಬಿದೆ, ಮತ್ತು ಅದು ಉಬ್ಬಿದಷ್ಟೂ ಉಳಿದ ಸಾಲುಗಳ ಮೇಲಿನ ಭರವಸೆ ಕಡಿಮೆ.

ಇನ್ನು ‘ಕ್ಲಾಸ್ ಪ್ರೊಫೈಲ್’ ಎಂದು ಪ್ರವೇಶ ಕಚೇರಿಯವರು ಹಾಕುವ ಚಂದದ ಪುಟ. ಅಲ್ಲಿನ ಶೇಕಡಾಗಳನ್ನು ಕೂಡಿ ನೋಡಿ. 100 ದಾಟಿದರೆ, ಎರಡು ಮೂರು ಗುರುತು ಹಾಕಿದವರನ್ನು ಎಲ್ಲ ಕಡೆಯೂ ಎಣಿಸಿದ್ದಾರೆ ಎಂದರ್ಥ. ಕೆಲವರು ವಿದೇಶಿ ವಿದ್ಯಾರ್ಥಿಗಳನ್ನು ಹೊರಗಿಟ್ಟು ಭಾಗಿಸುತ್ತಾರೆ, ಇನ್ನು ಕೆಲವರು ಉತ್ತರ ಕೊಡದವರನ್ನೂ ಹೊರಗಿಡುತ್ತಾರೆ. ಇದನ್ನು ಸುಳ್ಳು ಎನ್ನಲಾಗದು. ಆದರೆ ಪ್ರೊಫೈಲ್‌ನ ಅಂಕಿಯನ್ನು ಬಿ2 ಅಂಕಿಯ ಪಕ್ಕ ಇಟ್ಟು ಹೋಲಿಸಿದರೆ ತಪ್ಪಾಗುವುದು ಖಂಡಿತ.

ಬಣ್ಣದ ಲೆಕ್ಕ ಇಷ್ಟು. ದುಡ್ಡಿನ ಲೆಕ್ಕ ಇದಕ್ಕಿಂತ ಹೆಚ್ಚು ಹೇಳುತ್ತದೆ, ಅದನ್ನು ನೋಡುವವರು ಮಾತ್ರ ಇನ್ನೂ ಕಡಿಮೆ. ಎಚ್2 ಪಟ್ಟಿಗೆ ಹೋಗಿ. ಅಲ್ಲಿ ಎ ಸಾಲು ಒಟ್ಟು ವಿದ್ಯಾರ್ಥಿಗಳದ್ದು, ಸಿ ಸಾಲು ಆರ್ಥಿಕ ನೆರವು ಬೇಕೆಂದು ನಿರ್ಧಾರವಾದವರದ್ದು. ಎ 6,000, ಸಿ 2,700 ಇದ್ದರೆ, ಶೇ 45 ಮಂದಿಗೆ ನೆರವಿನ ಅಗತ್ಯವಿದೆ. ಉಳಿದ ಶೇ 55ರ ಮನೆಯವರು ಅಗತ್ಯ ಆಧರಿತ ನೆರವಿನ ಲೆಕ್ಕದಲ್ಲೇ ಇಲ್ಲ. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ 90,000 ಡಾಲರ್ ದಾಟಿರುವ ಕಡೆಗಳು ಹಲವಿವೆ. ಅಷ್ಟನ್ನು ನಾಲ್ಕು ವರ್ಷ ಕೊಡಬಲ್ಲ ಮನೆಗಳ ಮಕ್ಕಳೇ ಅರ್ಧಕ್ಕಿಂತ ಹೆಚ್ಚಿದ್ದರೆ ಕ್ಯಾಂಪಸ್ಸಿನ ವಾರಾಂತ್ಯ ಹೇಗಿರುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರು 2017ರಲ್ಲಿ ತೆರಿಗೆ ದಾಖಲೆಗಳಿಂದ ತೋರಿಸಿದ್ದು ಇದನ್ನೇ: 38 ಕಾಲೇಜುಗಳಲ್ಲಿ, ಆದಾಯದಲ್ಲಿ ದೇಶದ ಮೇಲಿನ ಶೇ 1 ಕುಟುಂಬಗಳಿಂದ ಬಂದ ಮಕ್ಕಳು ಕೆಳಗಿನ ಶೇ 60 ಕುಟುಂಬಗಳಿಂದ ಬಂದವರಿಗಿಂತ ಹೆಚ್ಚಿದ್ದರು. ಯೇಲ್, ಪ್ರಿನ್ಸ್‌ಟನ್, ಬ್ರೌನ್, ಡಾರ್ಟ್‌ಮತ್, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಆ ಪಟ್ಟಿಯಲ್ಲಿದ್ದವು.

ಕಡಿಮೆ ಆದಾಯದವರ ಪಾಲು ತಿಳಿಯಲು ಪೆಲ್ ಗ್ರಾಂಟ್ ಪಡೆದವರ ಶೇಕಡಾ ನೋಡುವುದು ರೂಢಿ. 1972ರಲ್ಲಿ ಶುರುವಾದ ಈ ಸರ್ಕಾರಿ ನೆರವಿನ ಗರಿಷ್ಠ ಮೊತ್ತ 2024-25ರಲ್ಲಿ 7,395 ಡಾಲರ್. ಬಂದವರೆಷ್ಟು ಎನ್ನುವುದರ ಜತೆಗೆ ಮುಗಿಸಿದವರೆಷ್ಟು ಎಂಬುದನ್ನೂ ನೋಡಿ. ಬಿ ವಿಭಾಗದಲ್ಲೇ ಪೆಲ್ ಪಡೆದವರ, ಪಡೆಯದವರ ಆರು ವರ್ಷದ ಪದವಿ ಲೆಕ್ಕ ಬೇರೆ ಬೇರೆಯಾಗಿ ಇರುತ್ತದೆ. ಎರಡರ ನಡುವೆ ಎರಡು ಮೂರು ಅಂಶದ ಅಂತರವಿದ್ದರೆ ಸರಿ. ಹತ್ತು ಹನ್ನೆರಡು ಇದ್ದರೆ, ಬಡ ಮಕ್ಕಳನ್ನು ಒಳಗೆ ಕರೆದು ಆಮೇಲೆ ಕೈಬಿಟ್ಟಿದ್ದಾರೆ ಎಂದೇ ನನ್ನ ಲೆಕ್ಕ.

ವಿದೇಶಿಯರ ವಿಷಯಕ್ಕೆ ಎಚ್6. ‘ನಮ್ಮಲ್ಲಿ 80 ದೇಶದವರಿದ್ದಾರೆ’ ಎಂದು ಹೇಳುವ ಕಡೆ ಇಲ್ಲಿ 800 ವಿದೇಶಿ ವಿದ್ಯಾರ್ಥಿಗಳಲ್ಲಿ 90 ಮಂದಿಗೆ ಮಾತ್ರ ನೆರವು ಎಂದಿದ್ದರೆ, ಆ 80 ದೇಶಗಳಿಂದ ಬಂದವರು ಬಹುತೇಕ ಒಂದೇ ವರ್ಗದವರು: ಇಂಟರ್‌ನ್ಯಾಷನಲ್ ಶಾಲೆ, ಚಳಿಗಾಲಕ್ಕೆ ಸ್ಕೀಯಿಂಗ್. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್, ಡಾರ್ಟ್‌ಮತ್, ಬೋಡಿನ್‌ನಂಥ ಕೆಲವೇ ಕಡೆ ವಿದೇಶಿಯರಿಗೂ ‘ನೀಡ್-ಬ್ಲೈಂಡ್’ ಪದ್ಧತಿ ಇದೆ. ಅಂದರೆ ದುಡ್ಡು ಕೊಡಬಲ್ಲರೋ ಇಲ್ಲವೋ ಎಂದು ನೋಡದೆ ಸೀಟು ನಿರ್ಧರಿಸುತ್ತಾರೆ. ಉಳಿದ ಕಡೆ ನೆರವು ಕೇಳುವುದೇ ಪ್ರವೇಶದ ಸಾಧ್ಯತೆಯನ್ನು ಕುಗ್ಗಿಸಬಹುದು.

ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಆದ್ಯತೆ ಇದೆಯೇ ಎಂಬುದು ಸಿ7 ಪಟ್ಟಿಯಲ್ಲಿ ಒಂದೇ ಗುರುತಿನಲ್ಲಿ ಗೊತ್ತಾಗುತ್ತದೆ. ಎಂಐಟಿ, ಕ್ಯಾಲ್‌ಟೆಕ್ ಇದನ್ನು ಪರಿಗಣಿಸುವುದಿಲ್ಲ. ಜಾನ್ಸ್ ಹಾಪ್ಕಿನ್ಸ್ 2014ರಲ್ಲೇ ಬಿಟ್ಟಿತು, ಆಮ್‌ಹರ್ಸ್ಟ್ 2021ರಲ್ಲಿ.

ಇಲ್ಲಿಯವರೆಗಿನದ್ದು ಯಾರು ಬರುತ್ತಾರೆ ಎಂಬ ಮಾತು. ಬಂದವರು ಒಬ್ಬರಿಗೊಬ್ಬರು ಬೆರೆಯುತ್ತಾರೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು, ಕೇಳಲು ಸಪ್ಪೆ ಎನಿಸಬಹುದು, ರೂಮು ಹಂಚುವ ಕಚೇರಿ.

ಡಾರ್ಟ್‌ಮತ್‌ನಲ್ಲಿ ವಿದ್ಯಾರ್ಥಿಗಳ ಇಮೇಲ್ ಓಡಾಟವನ್ನು ಆಧರಿಸಿ ಮಾರ್ಮರೋಸ್ ಮತ್ತು ಸಾಸರ್ಡೋಟಿ ಎಂಬಿಬ್ಬರು 2006ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಯಾವುದೋ ಇಬ್ಬರು ಬಿಳಿಯ ವಿದ್ಯಾರ್ಥಿಗಳ ನಡುವಿನ ಒಡನಾಟ, ಒಬ್ಬ ಕಪ್ಪುವರ್ಣೀಯ ಮತ್ತೊಬ್ಬ ಬಿಳಿಯನ ನಡುವಿನ ಒಡನಾಟದ ಮೂರು ಪಟ್ಟಿತ್ತು. ಆದರೆ ಆ ಕಪ್ಪುವರ್ಣೀಯ ಮತ್ತು ಬಿಳಿಯ ವಿದ್ಯಾರ್ಥಿಗಳನ್ನು ಮೊದಲ ವರ್ಷ ಒಂದೇ ಡಾರ್ಮ್‌ನಲ್ಲಿ, ಅಂದರೆ ವಿದ್ಯಾರ್ಥಿನಿಲಯದಲ್ಲಿ, ಇಟ್ಟರೆ ಅವರ ಒಡನಾಟವೂ ಮೂರು ಪಟ್ಟಾಗುತ್ತಿತ್ತು. ಅಷ್ಟು ದೊಡ್ಡ ಅಂತರವನ್ನು ಒಂದು ಕಟ್ಟಡ ತುಂಬಿಸಿತು. ಹಲ್ಲುಜ್ಜುವಾಗ ಸಿಗುವುದು, ಬಟ್ಟೆ ಒಗೆಯುವ ಮೆಷಿನ್ ಖಾಲಿಯಾಗಲು ಒಟ್ಟಿಗೆ ಕಾಯುವುದು, ರಾತ್ರಿ ಎರಡಕ್ಕೆ ಫೈರ್ ಅಲಾರಂ ಹೊಡೆದು ಎಲ್ಲರೂ ಚಪ್ಪಲಿಯಲ್ಲೇ ಹೊರಗೆ ನಿಲ್ಲುವುದು. ಯಾವ ‘ವೈವಿಧ್ಯ ಸಪ್ತಾಹ’ವೂ ಮಾಡಲಾಗದ್ದನ್ನು ಇವು ಮಾಡುತ್ತವೆ.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಮೊದಲ ವರ್ಷದ ರೂಮ್‌ಮೇಟ್ ಯಾರೆಂದು ಯಾರು ನಿರ್ಧರಿಸುತ್ತಾರೆ? ವಿದ್ಯಾರ್ಥಿಗಳೇ ಆರಿಸಿಕೊಳ್ಳಬಹುದು ಎಂದಾದರೆ ಏಪ್ರಿಲ್, ಮೇ ತಿಂಗಳಲ್ಲೇ ಇನ್‌ಸ್ಟಾಗ್ರಾಂನಲ್ಲಿ ಜೋಡಿಗಳಾಗಿಬಿಡುತ್ತವೆ. ಒಂದೇ ಬಗೆಯ ಶಾಲೆ, ಒಂದೇ ಬಗೆಯ ಊರು, ಒಂದೇ ಬಗೆಯ ರಜೆಯ ಫೋಟೊ ಇರುವವರು ಒಂದಾಗುತ್ತಾರೆ. ಆ ಗುಂಪುಗಳ ಸುಳಿವೇ ಇಲ್ಲದವರು ಕೊನೆಗೆ ಉಳಿದವರ ಜತೆ. ಇದನ್ನು ಕಂಡೇ ಡ್ಯೂಕ್ ವಿಶ್ವವಿದ್ಯಾಲಯ 2018ರಿಂದ ಮೊದಲ ವರ್ಷಕ್ಕೆ ರೂಮ್‌ಮೇಟ್ ಆರಿಸಿಕೊಳ್ಳುವುದನ್ನು ನಿಲ್ಲಿಸಿತು. ಎರಡನೇ ಪ್ರಶ್ನೆ: ರೂಮಿನ ಬಾಡಿಗೆ ಎಲ್ಲರಿಗೂ ಒಂದೇಯೇ? ಎಸಿ ಇರುವ ಹೊಸ ಕಟ್ಟಡಕ್ಕೆ ಹೆಚ್ಚು, ಹಳೆಯ ಕಟ್ಟಡಕ್ಕೆ ಕಡಿಮೆ ಎಂದಿದ್ದರೆ ಕ್ಯಾಂಪಸ್ಸೇ ಆದಾಯದ ಪ್ರಕಾರ ಮಹಡಿ ಮಹಡಿಯಾಗಿ ವಿಂಗಡಣೆಯಾಗುತ್ತದೆ. ಮೂರನೆಯದು: ಎರಡನೇ ವರ್ಷ ಏನಾಗುತ್ತದೆ? ಮೊದಲ ವರ್ಷ ಬೆರೆಸಿ, ಆಮೇಲೆ ಹೊರಗೆ ಅಪಾರ್ಟ್‌ಮೆಂಟ್ ಹುಡುಕಿಕೊಳ್ಳಿ ಎನ್ನುವ ಕಡೆ ಬೆರೆತದ್ದು ಬೇಗ ಬೇರ್ಪಡುತ್ತದೆ. ಕಾಮನ್ ಡೇಟಾ ಸೆಟ್‌ನ ಎಫ್1 ಪಟ್ಟಿಯಲ್ಲಿ ಕ್ಯಾಂಪಸ್ ವಸತಿಯಲ್ಲಿರುವವರ ಶೇಕಡಾ ಮೊದಲ ವರ್ಷಕ್ಕೆ ಮತ್ತು ಒಟ್ಟಾರೆ ಎಂದು ಎರಡು ಕಾಲಂಗಳಲ್ಲಿ ಇರುತ್ತದೆ. 98 ಮತ್ತು 92 ಇದ್ದರೆ ಒಂದು ಲೋಕ, 98 ಮತ್ತು 48 ಇದ್ದರೆ ಬೇರೆಯೇ ಲೋಕ.

ಹ್ಯೂಸ್ಟನ್‌ನ ರೈಸ್ ವಿಶ್ವವಿದ್ಯಾಲಯದಲ್ಲಿ ಹೊಸಬರನ್ನು ರೆಸಿಡೆನ್ಷಿಯಲ್ ಕಾಲೇಜುಗಳೆಂಬ ವಸತಿ ಸಮುದಾಯಗಳಿಗೆ ಹಂಚುತ್ತಾರೆ. ಪದವಿ ಮುಗಿಯುವವರೆಗೂ ವಿದ್ಯಾರ್ಥಿ ಆ ಕಾಲೇಜಿನವನೇ. ಅಲ್ಲಿ ಫ್ರಾಟರ್ನಿಟಿ, ಸೊರೊರಿಟಿಗಳು, ಅಂದರೆ ಹುಡುಗರ, ಹುಡುಗಿಯರ ಸದಸ್ಯತ್ವದ ಸಂಘಗಳು, ಇಲ್ಲ. ಯೇಲ್‌ನಲ್ಲಿ 2017ರಿಂದ ಇಂಥ 14 ಕಾಲೇಜುಗಳಿವೆ. ಹಾರ್ವರ್ಡ್‌ನಲ್ಲಿ ಮೊದಲ ವರ್ಷದ ನಂತರ 12 ಹೌಸ್‌ಗಳಿಗೆ ಹಂಚಿಕೆ. ಒಂದು ಕಾಲಕ್ಕೆ ಆಯ್ಕೆ ವಿದ್ಯಾರ್ಥಿಗಳದ್ದಾಗಿತ್ತು, ಅದರಿಂದ ಒಂದೊಂದು ಹೌಸ್ ಒಂದೊಂದು ಬಗೆಯವರದ್ದಾಗಿ, 1990ರ ದಶಕದಲ್ಲಿ ಅದನ್ನು ಲಾಟರಿ ಮಾಡಿದರು. ಸ್ಟ್ಯಾನ್‌ಫರ್ಡ್ ಇನ್ನೊಂದು ದಾರಿ ಹಿಡಿದು ಉಜಾಮಾ (ಕಪ್ಪುವರ್ಣೀಯ), ಓಕಾಡ (ಏಷ್ಯನ್ ಅಮೆರಿಕನ್), ಕಾಸಾ ಸಪಾಟಾದಂಥ (ಲ್ಯಾಟಿನೊ) ಸಮುದಾಯ ಕೇಂದ್ರಿತ ವಸತಿಗಳನ್ನು ಇಟ್ಟುಕೊಂಡಿದೆ. ಇವನ್ನು ‘ಪ್ರತ್ಯೇಕತೆ’ ಎಂದು ಬೈಯುವವರು ಬಹಳ. ನನಗೆ ಹಾಗನ್ನಿಸುವುದಿಲ್ಲ, ಯಾಕೆಂದು ಲೆಕ್ಕವೇ ಹೇಳುತ್ತದೆ.

1,000 ಜನರ ಒಂದು ಬ್ಯಾಚ್ ಎಂದುಕೊಳ್ಳಿ. 100 ಮಂದಿ ಅಲ್ಪಸಂಖ್ಯಾತ ಗುಂಪು, 900 ಮಂದಿ ಬಹುಸಂಖ್ಯಾತರು. ಎರಡರ ನಡುವೆ 600 ಸ್ನೇಹಗಳಾದವು. ಆ 100 ಮಂದಿಗೆ ತಲಾ ಆರು ಹೊರಗಿನ ಸ್ನೇಹಿತರಾದರು. ಆದರೆ 900 ಮಂದಿಯಲ್ಲಿ ಸರಾಸರಿ ಮೂವರಿಗೆ ಇಬ್ಬರು ಮಾತ್ರ. ಸ್ನೇಹಗಳು ಅವೇ 600, ಭಾರ ಮಾತ್ರ ಒಂದು ಕಡೆ ಒಂಬತ್ತು ಪಟ್ಟು. ದಿನವಿಡೀ ಬೇರೆಯವರ ನಡುವೆ ತನ್ನನ್ನು ವಿವರಿಸಿಕೊಳ್ಳುತ್ತಾ ಇರುವವರಿಗೆ ರಾತ್ರಿ ವಿವರಣೆ ಬೇಡದ ಜಾಗವೊಂದು ಬೇಕಾಗುತ್ತದೆ.

ಊಟದ ಹಾಲ್‌ನಲ್ಲಿ ‘ಅವರೆಲ್ಲ ಒಟ್ಟಿಗೇ ಕೂರುತ್ತಾರೆ’ ಎನ್ನುವ ದೂರನ್ನೂ ಹೀಗೇ ಪರೀಕ್ಷಿಸಬಹುದು. ಒಂದು ಕ್ಯಾಂಪಸ್ಸಿನಲ್ಲಿ ನಾಲ್ಕು ಗುಂಪು: ಶೇ 60, 20, 10, 10. ವೈವಿಧ್ಯ ಸೂಚ್ಯಂಕ ತೆಗೆಯುವುದು ಸುಲಭ: ಪ್ರತಿ ಪಾಲನ್ನು ಅದರಿಂದಲೇ ಗುಣಿಸಿ, ಎಲ್ಲ ಕೂಡಿ, 1ರಿಂದ ಕಳೆಯುವುದು. 0.36, 0.04, 0.01, 0.01, ಕೂಡಿದರೆ 0.42, ಸೂಚ್ಯಂಕ 0.58. ಕಣ್ಣುಮುಚ್ಚಿ ಇಬ್ಬರನ್ನು ಆರಿಸಿದರೆ ಅವರು ಬೇರೆ ಬೇರೆ ಗುಂಪಿನವರಾಗಿರುವ ಸಾಧ್ಯತೆ ಶೇ 58. ರ್‍ಯಾಂಕಿಂಗ್‌ಗಳು ತೋರಿಸುವ ಸೂಚ್ಯಂಕಗಳ ಹಿಂದಿರುವುದೂ ಸರಿಸುಮಾರು ಇದೇ ಲೆಕ್ಕ. ಈಗ ನಾಲ್ವರ ಮೇಜು. ಎಲ್ಲರೂ ಲಾಟರಿ ಎತ್ತಿ ಕೂತರೂ ನಾಲ್ವರೂ ಒಂದೇ ಗುಂಪಿನವರಾಗುವ ಮೇಜುಗಳು ಶೇ 13ರಷ್ಟು ಇರುತ್ತವೆ, ಮತ್ತು ಹೆಚ್ಚೂಕಡಿಮೆ ಅವೆಲ್ಲವೂ ಆ ಶೇ 60 ಗುಂಪಿನವೇ. ಅವು ಯಾರ ಕಣ್ಣಿಗೂ ಬೀಳುವುದಿಲ್ಲ. ಶೇ 10ರ ಗುಂಪಿನ ನಾಲ್ವರು ಕೂತರೆ ಮಾತ್ರ ಎಲ್ಲರಿಗೂ ಕಾಣುತ್ತದೆ. ಕ್ಯಾಂಪಸ್ ನೋಡಲು ಹೋದಾಗ ಸಂಜೆ ಆರೂವರೆಗೆ 30 ಮೇಜು ಎಣಿಸಿ. ನಾಲ್ಕೈದು ಒಂದೇ ಗುಂಪಿನವಾದರೆ ಅದು ಲಾಟರಿಯ ಲೆಕ್ಕವೇ. 15 ಆದರೆ ವಿಚಾರಿಸಬೇಕು. ಮುಖ ನೋಡಿ ಗುಂಪು ಹೇಳುವುದು ಒರಟು ವಿಧಾನ, ತಪ್ಪುತ್ತದೆ; ಆದರೂ ಬ್ರೋಷರ್‌ಗಿಂತ ವಾಸಿ. ಮಧ್ಯಾಹ್ನ ಎಣಿಸಬೇಡಿ, ಆಗ ಕ್ಲಾಸಿನಿಂದ ನೇರ ಬಂದವರು ಸಿಕ್ಕ ಕಡೆ ಕೂರುತ್ತಾರೆ.

ಸೂಚ್ಯಂಕ ಎಲ್ಲಿ ಕೈಕೊಡುತ್ತದೆ ಎಂಬುದಕ್ಕೆ ವಾಷಿಂಗ್ಟನ್ನಿನ ಹೋವರ್ಡ್ ವಿಶ್ವವಿದ್ಯಾಲಯವೇ ಸಾಕ್ಷಿ. 1867ರಲ್ಲಿ ಶುರುವಾದ, ಐತಿಹಾಸಿಕವಾಗಿ ಕಪ್ಪುವರ್ಣೀಯರ ಖಾಸಗಿ ಸಂಸ್ಥೆ. ಬಿ2 ಪ್ರಕಾರ ಅಲ್ಲಿ ವೈವಿಧ್ಯ ಇಲ್ಲವೆಂದೇ ಹೇಳಬೇಕು. ಒಳಗೆ ನೋಡಿದರೆ ಚಿಕಾಗೊದವರು, ಮಿಸಿಸಿಪ್ಪಿಯ ಹಳ್ಳಿಯವರು, ಜಮೈಕಾ ಮೂಲದವರು, ನೈಜೀರಿಯಾದ ವಲಸಿಗರ ಮಕ್ಕಳು, ಮೂರು ತಲೆಮಾರು ಇಲ್ಲೇ ಓದಿದ ಮನೆಯವರು, ಮನೆಯಲ್ಲಿ ಮೊದಲ ಬಾರಿ ಕಾಲೇಜು ಕಂಡವರು. ಆ ಎಲ್ಲ ಭೇದ ಪಟ್ಟಿಯಲ್ಲಿ ಒಂದೇ ಸಾಲು.

ಫ್ರಾಟರ್ನಿಟಿ, ಸೊರೊರಿಟಿಗಳ ಪಾಲು ಎಫ್1ರಲ್ಲೇ ಇದೆ, ಹುಡುಗರದ್ದು ಹುಡುಗಿಯರದ್ದು ಬೇರೆ ಬೇರೆ. ಶೇ 10ರೊಳಗಿದ್ದರೆ ಅದೊಂದು ಹವ್ಯಾಸದ ಗುಂಪು. ಶೇ 35 ದಾಟಿದರೆ ಶನಿವಾರ ರಾತ್ರಿಯ ಕೀಲಿಕೈ ಅವರ ಹತ್ತಿರ. ಕುಡಿಯಲು ಕಾನೂನಿನ ವಯಸ್ಸು 21. ಹಾಗಾಗಿ 18-20ರವರಿಗೆ ಬಾರ್ ಇಲ್ಲ. ಪಾರ್ಟಿ ನಡೆಯುವ ಮನೆ ಯಾರದ್ದೋ, ಒಳಗೆ ಬಿಡುವ ಅಧಿಕಾರವೂ ಅವರದ್ದು. ಸದಸ್ಯತ್ವದ ಶುಲ್ಕವನ್ನು ವಿಶ್ವವಿದ್ಯಾಲಯದ ನೆರವು ಸಾಮಾನ್ಯವಾಗಿ ಭರಿಸುವುದಿಲ್ಲ. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡಿದ್ದರಿಂದ ‘ಗ್ರೀಕ್’ ಎನಿಸಿಕೊಳ್ಳುವ ಈ ಎಲ್ಲ ಸಂಘಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ: 1906ರಲ್ಲಿ ಕಾರ್ನೆಲ್‌ನಲ್ಲಿ ಹುಟ್ಟಿದ ಆಲ್ಫಾ ಫೈ ಆಲ್ಫಾದಂಥ ಕಪ್ಪುವರ್ಣೀಯರ ಸಂಘಗಳ ಇತಿಹಾಸವೇ ಬೇರೆ. ಪ್ರಿನ್ಸ್‌ಟನ್‌ನಲ್ಲಿ ಇದರ ಜಾಗದಲ್ಲಿ ಹೆಚ್ಚಾಗಿ 11 ಈಟಿಂಗ್ ಕ್ಲಬ್‌ಗಳಿವೆ. ಕೆಲವಕ್ಕೆ ಹೆಸರು ಬರೆಸಿದರೆ ಸಾಕು, ಕೆಲವಕ್ಕೆ ‘ಬಿಕರ್’ ಎಂಬ ಸಂದರ್ಶನದ ಸುತ್ತು. ಅಲ್ಲಿ ಮೂರನೇ, ನಾಲ್ಕನೇ ವರ್ಷದವರ ನೆರವಿನ ಲೆಕ್ಕಕ್ಕೆ ಕ್ಲಬ್ಬಿನ ಸರಾಸರಿ ಊಟದ ಖರ್ಚನ್ನೂ ಸೇರಿಸುತ್ತಾರೆ, ಇದು ಒಳ್ಳೆಯ ಪದ್ಧತಿ. ನೋಟರ್ ಡೇಮ್‌ನಂಥ ಕ್ಯಾಥೊಲಿಕ್ ಸಂಸ್ಥೆಯಲ್ಲಿ ಗ್ರೀಕ್ ಸಂಘಗಳೇ ಇಲ್ಲ. ಹುಡುಗರು ಹುಡುಗಿಯರಿಗೆ ಬೇರೆ ಬೇರೆ ಹಾಲ್‌ಗಳು, ಅವೇ ಅಲ್ಲಿನ ಸಮಾಜ.

ಪಾರ್ಟಿ ಸಂಸ್ಕೃತಿಗೆ ಇನ್ನೊಂದು ಕಿಟಕಿ ಕ್ಲೆರಿ ಕಾಯ್ದೆ, 1990ರದ್ದು. ಅದರ ಪ್ರಕಾರ ಪ್ರತಿ ವರ್ಷ ಅಕ್ಟೋಬರ್ 1ರೊಳಗೆ ಮೂರು ವರ್ಷಗಳ ಅಪರಾಧ ಅಂಕಿಗಳನ್ನು ಪ್ರಕಟಿಸಬೇಕು. ಮದ್ಯದ ವಿಷಯದಲ್ಲಿ ‘ಅರೆಸ್ಟ್’ ಸಾಲು ನೋಡಿ ಸಮಾಧಾನಪಡಬೇಡಿ, ಖಾಸಗಿ ಕ್ಯಾಂಪಸ್‌ನಲ್ಲಿ ಅದು ಸೊನ್ನೆಯ ಹತ್ತಿರವೇ ಇರುತ್ತದೆ. ‘ಶಿಸ್ತುಕ್ರಮಕ್ಕೆ ಒಪ್ಪಿಸಿದ್ದು’ ಎಂಬ ಸಾಲನ್ನು ವಸತಿಯಲ್ಲಿರುವವರ ಸಂಖ್ಯೆಯಿಂದ ಭಾಗಿಸಿ. ಹೆಚ್ಚಿದ್ದರೆ ಕುಡಿತ ಹೆಚ್ಚಿರಬಹುದು, ಕಾವಲು ಬಿಗಿ ಇರಬಹುದು. ಅದನ್ನು ಅಲ್ಲಿನ ವಿದ್ಯಾರ್ಥಿಗಳೇ ಹೇಳಬೇಕು. ದ್ವೇಷದ ಅಪರಾಧಗಳ ಪಟ್ಟಿಯೂ ಇದರಲ್ಲೇ ಇದೆ. 2024ರ ಡಿಸೆಂಬರ್‌ನಲ್ಲಿ ಸಹಿಯಾದ ಕಾಯ್ದೆಯಿಂದ ಹೇಜಿಂಗ್ (ಸಂಘಕ್ಕೆ ಸೇರುವ ಹೊಸಬರನ್ನು ಪೀಡಿಸುವುದು) ಲೆಕ್ಕವೂ ಸೇರಿದೆ.

ವಿದ್ಯಾರ್ಥಿಗಳನ್ನು ಕೇಳುವಾಗ ‘ಇಲ್ಲಿ ವೈವಿಧ್ಯ ಹೇಗಿದೆ?’ ಎಂದರೆ ‘ತುಂಬಾ ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಮಾತು ಮುಗಿಯುತ್ತದೆ. ‘ಕಳೆದ ಶನಿವಾರ ರಾತ್ರಿ ಎಲ್ಲಿದ್ದೆ, ಯಾರ ಜತೆ?’ ಎಂದು ಕೇಳಿ. ‘ನಿನ್ನ ಕ್ಲಬ್‌ಗೆ ಸೇರಲು ಅರ್ಜಿ, ಸಂದರ್ಶನ ಇತ್ತೇ?’ ಎಂದು ಕೇಳಿ. ಈಗ ಕನ್ಸಲ್ಟಿಂಗ್, ಹೂಡಿಕೆ ಕ್ಲಬ್‌ಗಳೂ ಬಂದವರಲ್ಲಿ ಬಹುತೇಕರನ್ನು ವಾಪಸ್ ಕಳಿಸುತ್ತವೆ. ನಿಮ್ಮ ಸಮುದಾಯದ ವಿದ್ಯಾರ್ಥಿಗಳಿಗೆಂದು ಇರುವ ಕೇಂದ್ರ ಇವತ್ತು ತೆರೆದಿದೆಯೇ ಎಂದು ಹೋಗಿ ಬಾಗಿಲು ನೋಡಿ, ಯಾಕೆಂದರೆ 2025ರಲ್ಲಿ ಹಲವು ಕಡೆ ಇಂಥ ಕಚೇರಿಗಳ ಹೆಸರು ಬದಲಾಯಿತು, ಕೆಲವು ಮುಚ್ಚಿದವು. ಹಳೆಯ ಜಾಲಪುಟ ಹಾಗೇ ಉಳಿದಿರಬಹುದು.

ಕೊನೆಗೆ ಕ್ಯಾಲೆಂಡರ್. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್, ಡಿಸೆಂಬರ್-ಜನವರಿಯ ಮೂರರಿಂದ ಐದು ವಾರ, ಮಾರ್ಚ್‌ನ ಸ್ಪ್ರಿಂಗ್ ಬ್ರೇಕ್. ಆಗ ಎಷ್ಟೋ ಕಡೆ ಡಾರ್ಮ್ ಮುಚ್ಚುತ್ತಾರೆ, ಮೆಸ್ಸೂ ನಿಲ್ಲುತ್ತದೆ. ವಿಮಾನದ ದುಡ್ಡಿಲ್ಲದವರು, ಹೋಗಲು ಮನೆಯೇ ಇಲ್ಲದವರು, ಸಾಗರದಾಚೆಯಿಂದ ಬಂದವರು ಆಗ ಸಿಕ್ಕಿಬೀಳುತ್ತಾರೆ. ಎಫ್-1ನವರು ಪಾಠದ ದಿನಗಳಲ್ಲಿ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ, ಫೆಡರಲ್ ವರ್ಕ್-ಸ್ಟಡಿ ಎಂಬ ಸರ್ಕಾರಿ ನೆರವಿನ ಕೆಲಸವೂ ಅವರಿಗಿಲ್ಲ. ರಜೆಯ ಹೋಟೆಲ್ ಬಾಡಿಗೆ ಅವರ ಕೈಗೆ ಭಾರ. ವಸತಿ ಕಚೇರಿಗೆ ಇಮೇಲ್ ಮಾಡುವಾಗ ಮೂರು ಪ್ರಶ್ನೆ ಬರೆಯಿರಿ: ಚಳಿಗಾಲದ ರಜೆಯಲ್ಲಿ ನನ್ನದೇ ರೂಮಿನಲ್ಲಿ ಇರಬಹುದೇ, ಅದಕ್ಕೆ ಬೇರೆ ದುಡ್ಡೇ, ಆ ವಾರಗಳಲ್ಲಿ ಯಾವ ಅಡುಗೆಮನೆ ತೆರೆದಿರುತ್ತದೆ? ರಂಜಾನ್ ಆಚರಿಸುವವರು ಇನ್ನೊಂದು ಸೇರಿಸಿ: ನಸುಕಿನ ಊಟಕ್ಕೆ ಡಬ್ಬಿ ಕೊಡುತ್ತೀರಾ? ಒಂದು ವಾರದಲ್ಲಿ ಸ್ಪಷ್ಟ ಉತ್ತರ ಬಂದರೆ ಅಲ್ಲಿ ಈ ಪ್ರಶ್ನೆ ಕೇಳಿದವರು ಮುಂಚೆಯೇ ಇದ್ದಾರೆ ಎಂದರ್ಥ. ‘ಬಂದ ಮೇಲೆ ವಿಚಾರಿಸಿ’ ಎಂದರೆ ಅದನ್ನೂ ಬರೆದಿಟ್ಟುಕೊಳ್ಳಿ, ಬಿ2 ಅಂಕಿಯ ಪಕ್ಕದಲ್ಲೇ.